ಕ್ಯಾಲಿಫೋರ್ನಿಯಾದಲ್ಲಿ ಜಿಂಕೆ ಬೇಟೆ: ಕಾಡ್ಗಿಚ್ಚಿನಿಂದ ಕಾಡು ಮುಚ್ಚಿದರೆ ಏನು ಮಾಡಬೇಕು?

ಕೈಯಲ್ಲಿ ಟ್ಯಾಗ್ ಇದೆ, ಅಂದರೆ ಒಂದು ಜಿಂಕೆ ಹೊಡೆಯಲು ರಾಜ್ಯ ಕೊಡುವ ಪರವಾನಗಿ ಚೀಟಿ. ಆಫೀಸಿಗೆ ರಜೆ ಹಾಕಿ ಆಗಿದೆ. ಶನಿವಾರ ಸೀಸನ್ ಶುರು. ಗುರುವಾರ ಸಂಜೆ ಸುದ್ದಿ ಬರುತ್ತದೆ, ನೀವು ಹೋಗಬೇಕಿದ್ದ ಕಾಡು ಬೆಂಕಿಯ ಕಾರಣಕ್ಕೆ ಬಂದ್ ಅಂತ. ಕ್ಯಾಲಿಫೋರ್ನಿಯಾದಲ್ಲಿ ಇದು ಈಗ ಅಪರೂಪದ ಮಾತಲ್ಲ. 2020ರ ಸೆಪ್ಟೆಂಬರ್ 9ರಂದು ರಾಜ್ಯದ 18 ನ್ಯಾಷನಲ್ ಫಾರೆಸ್ಟ್‌ಗಳನ್ನೂ ಒಟ್ಟಿಗೆ ಮುಚ್ಚಿದರು. ಮರುವರ್ಷ ಆಗಸ್ಟ್ 31ರ ರಾತ್ರಿಯಿಂದ ಮತ್ತೆ ಹೆಚ್ಚುಕಡಿಮೆ ಎಲ್ಲವೂ ಬಂದ್ ಆದವು. ಎರಡು ಸಲವೂ ಅದು ಬೇಟೆಯ ಹೊತ್ತೇ.

ಸ್ಯಾಕ್ರಮೆಂಟೊ, ಬೇ ಏರಿಯಾ ಕಡೆ ಇರುವ ಕನ್ನಡಿಗರಲ್ಲಿ ಲೈಸೆನ್ಸ್ ತೆಗೆದುಕೊಂಡು ಕಾನೂನು ಪ್ರಕಾರ ಬೇಟೆಗೆ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮೂರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆಗೆ ಗುರಿ ಇಡುವುದೇ ಅಪರಾಧ. ಹಾಗಾಗಿ ಇಲ್ಲಿನ ಟ್ಯಾಗು, ವಲಯ, ಆದೇಶಗಳ ಲೆಕ್ಕ ಊರಿನಿಂದ ಕಲಿತು ಬರುವಂಥದ್ದಲ್ಲ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಬೆಂಕಿ ಬಂದರೆ ಮುಚ್ಚುವುದು ನೆಲವನ್ನು, ಸೀಸನ್ನನ್ನಲ್ಲ. ಟ್ಯಾಗ್ ಕೊಡುವುದು, ಸೀಸನ್ ತಾರೀಕು ನೋಡಿಕೊಳ್ಳುವುದು ರಾಜ್ಯದ ಫಿಶ್ ಅಂಡ್ ವೈಲ್ಡ್‌ಲೈಫ್ ಇಲಾಖೆ. ಕಾಡಿನ ಬಾಗಿಲು ಹಾಕುವುದು ಕೇಂದ್ರ ಸರ್ಕಾರದ ಫಾರೆಸ್ಟ್ ಸರ್ವೀಸ್. ಎರಡೂ ಬೇರೆ ಬೇರೆ ಆಫೀಸು. ಕಾಡು ಮೂರು ವಾರ ಮುಚ್ಚಿತ್ತು, ಆದ್ದರಿಂದ ಸೀಸನ್ ಮೂರು ವಾರ ಮುಂದಕ್ಕೆ ಹೋಗುತ್ತದೆ ಅಂತ ಕಾದು ಕೂರಬೇಡಿ. ನಿಮ್ಮ ವಲಯದಲ್ಲಿ ಸೀಸನ್ ನಡೆಯುತ್ತಲೇ ಇರುತ್ತದೆ, ಕಾಲಿಡಲು ಜಾಗ ಮಾತ್ರ ಇರುವುದಿಲ್ಲ. ಈ ಎರಡರ ನಡುವಿನ ಅಂತರ ಗೊತ್ತಿದ್ದರೆ ಅರ್ಧ ಪ್ಲಾನ್ ಆದಂತೆ.

ಹಂತ 1: ಟ್ಯಾಗ್ ಆರಿಸುವಾಗಲೇ ಬೆಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಟ್ಯಾಗಿನ ಡ್ರಾಗೆ, ಅಂದರೆ ಲಾಟರಿಗೆ, ಅರ್ಜಿ ಹಾಕುವ ಕೊನೆಯ ದಿನ ಜೂನ್ 2. ಅಷ್ಟು ಹೊತ್ತಿಗೆ ಆ ವರ್ಷದ ದೊಡ್ಡ ಬೆಂಕಿಗಳು ಶುರುವಾಗಿರುವುದಿಲ್ಲ. ಆದರೂ ಟ್ಯಾಗಿನ ವ್ಯಾಪ್ತಿ ನೋಡಿ ಆರಿಸಬಹುದು. ಜಿಂಕೆ ಬೇಟೆಗಾಗಿ ರಾಜ್ಯವನ್ನು ಎ, ಬಿ, ಸಿ, ಡಿ, ಎಕ್ಸ್ ಎಂಬ ವಲಯಗಳಾಗಿ ಹಂಚಿದ್ದಾರೆ. ಬಿ ವಲಯದ ಒಂದೇ ಟ್ಯಾಗ್ ಬಿ1ರಿಂದ ಬಿ6ರವರೆಗೆ ನಡೆಯುತ್ತದೆ. ಅಂದರೆ ಮೆಂಡೊಸಿನೋ ಕಾಡಿನಿಂದ ಹಿಡಿದು ಮೇಲೆ ಕ್ಲಾಮತ್ ತನಕ. ಸಿ ಟ್ಯಾಗ್ ಸಿ1ರಿಂದ ಸಿ4ರವರೆಗೆ. 2024ರ ಜುಲೈ 24ರಂದು ಚೀಕೊ ಊರಿನ ಹತ್ತಿರ ಶುರುವಾದ ಪಾರ್ಕ್ ಬೆಂಕಿ 4 ಲಕ್ಷ 29 ಸಾವಿರ ಎಕರೆ ಸುಟ್ಟಿತು. ಸಿ4 ಕಡೆಯ ಕಾಡು ಹೋಯಿತು. ಆದರೂ ಅದೇ ಟ್ಯಾಗ್ ಹಿಡಿದು ಬೇರೆ ಸಿ ವಲಯಗಳಿಗೆ ಹೋಗಲು ಅಡ್ಡಿ ಇರಲಿಲ್ಲ.

ಎಕ್ಸ್ ವಲಯಗಳ ಕಥೆ ಬೇರೆ. ಅವು ರಾಜ್ಯದ ಈಶಾನ್ಯ ಮತ್ತು ಪೂರ್ವ ಭಾಗದವು. ಒಂದೊಂದು ಟ್ಯಾಗ್ ಒಂದೊಂದು ವಲಯಕ್ಕೆ ಮಾತ್ರ. ಡ್ರಾದಲ್ಲಿ ಆದ್ಯತೆ ಕೊಡುವ ಪಾಯಿಂಟ್‌ಗಳನ್ನು ವರ್ಷಗಟ್ಟಲೆ ಕೂಡಿಟ್ಟು ಪಡೆಯಬೇಕು. ಹೆಚ್ಚಿನವುಗಳ ಸೀಸನ್ ಎರಡು ಮೂರು ವಾರ ಅಷ್ಟೆ. ಆ ವಾರಗಳಲ್ಲೇ ಬೆಂಕಿ ಬಿದ್ದರೆ ಅಕ್ಕಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಎಕ್ಸ್ ಟ್ಯಾಗ್ ಬೇಡ ಅಂತ ಹೇಳುತ್ತಿಲ್ಲ, ಅಲ್ಲಿನ ಮ್ಯೂಲ್ ಡೀರ್ ನೋಡಿದವರಿಗೆ ಆ ಆಸೆ ಅರ್ಥವಾಗುತ್ತದೆ. ಆದರೆ ಅರ್ಜಿ ಹಾಕುವಾಗ ಆ ವಲಯದಲ್ಲಿ ಎಷ್ಟು ಕಾಡು, ಎಷ್ಟು ಬಯಲು, ಹಿಂದಿನ ಕೆಲವು ವರ್ಷಗಳಲ್ಲಿ ಎಷ್ಟು ಸುಟ್ಟಿದೆ ಅಂತ ನಕ್ಷೆ ತೆಗೆದು ನೋಡಿ. ಇತ್ತೀಚೆಗಷ್ಟೇ ದೊಡ್ಡದಾಗಿ ಸುಟ್ಟ ಜಾಗ ಈ ವರ್ಷವೇ ಮತ್ತೆ ಅಷ್ಟೇ ದೊಡ್ಡದಾಗಿ ಸುಡುವ ಸಾಧ್ಯತೆ ಕಡಿಮೆ.

ತಾರೀಕೂ ಮುಖ್ಯ. ಎ ವಲಯದ ಬಂದೂಕಿನ ಸೀಸನ್ ಆಗಸ್ಟ್ ಎರಡನೇ ಶನಿವಾರ ಶುರು, ಬಿಲ್ಲಿನವರಿಗೆ ಜುಲೈಯಲ್ಲೇ. ಅದು ಬೆಂಕಿಯ ನಡು ಹೊತ್ತು. ಬಿ ವಲಯಗಳು ಹೆಚ್ಚಾಗಿ ಸೆಪ್ಟೆಂಬರ್ ಮೂರನೇ ಶನಿವಾರ, ಸಿಯೆರಾದ ಡಿ ವಲಯಗಳು ಮೂರನೇ ಅಥವಾ ನಾಲ್ಕನೇ ಶನಿವಾರ ತೆರೆಯುತ್ತವೆ. ಅಕ್ಟೋಬರ್ ಕೊನೆಯವರೆಗೆ ಎಳೆಯುವ ಸೀಸನ್ ಇದ್ದರೆ ಮೊದಲ ಮಳೆ ಬರುವ ತನಕ ಕಾಯಲು ಆಗುತ್ತದೆ. ರಜೆಯನ್ನು ಮೊದಲ ವಾರಕ್ಕೇ ಪೂರ್ತಿ ಸುರಿದುಬಿಡಬೇಡಿ. ಅರ್ಧವನ್ನಾದರೂ ಕೊನೆಗೆ ಉಳಿಸಿ.

ಹಂತ 2: ಒಂದಲ್ಲ, ಮೂರು ಜಾಗ ಗುರುತು ಮಾಡಿ

ಮೂರೂ ಒಂದೇ ಕಾಡಿನಲ್ಲಿದ್ದರೆ ಪ್ರಯೋಜನ ಇಲ್ಲ. ಮುಚ್ಚಿದರೆ ಮೂರೂ ಮುಚ್ಚುತ್ತವೆ. ಜಾಗದ ಒಡೆಯರು ಬೇರೆ ಬೇರೆ ಆಗಿರಲಿ. ಒಂದು ನ್ಯಾಷನಲ್ ಫಾರೆಸ್ಟ್, ಇನ್ನೊಂದು ಬಿಎಲ್ಎಮ್ (ಕೇಂದ್ರ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್) ಜಮೀನು, ಮತ್ತೊಂದು ರಾಜ್ಯದ ವೈಲ್ಡ್‌ಲೈಫ್ ಏರಿಯಾ ಅಥವಾ ಒಪ್ಪಿಗೆ ಸಿಕ್ಕಿದ ಖಾಸಗಿ ಜಮೀನು. ಮರದ ಕಂಪನಿಗಳ ಜಮೀನನ್ನು ನಂಬಿ ಕೂರಬೇಡಿ. ಬೆಂಕಿಯ ಅಪಾಯ ಏರಿದರೆ ಅವರು ಸರ್ಕಾರಕ್ಕಿಂತ ಮೊದಲೇ ಗೇಟು ಹಾಕಬಹುದು. ನ್ಯಾಷನಲ್ ಪಾರ್ಕ್‌ಗಳಲ್ಲಂತೂ ಬೇಟೆಯೇ ಇಲ್ಲ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಜಾಗ ನೋಡಿಕೊಳ್ಳುವ ಆಫೀಸು ಬೇರೆಯಾದರೆ ಏನು ಲಾಭ ಅನ್ನುವುದಕ್ಕೆ 2021 ಒಳ್ಳೆಯ ಉದಾಹರಣೆ. ಆ ವರ್ಷದ ಆದೇಶ ಹೊರಡಿಸಿದ್ದು ಫಾರೆಸ್ಟ್ ಸರ್ವೀಸ್‌ನ ಪೆಸಿಫಿಕ್ ಸೌತ್‌ವೆಸ್ಟ್ ವಿಭಾಗ. ಸಿಯೆರಾ ಪೂರ್ವಕ್ಕಿರುವ ಹಂಬೋಲ್ಟ್–ಟೊಯಾಬಿ ಕಾಡಿನ ಒಂದು ಭಾಗ ಕ್ಯಾಲಿಫೋರ್ನಿಯಾದೊಳಗೇ ಇದೆ. ಆದರೆ ಅದು ಬೇರೆ ವಿಭಾಗಕ್ಕೆ ಸೇರಿದ್ದು. ಹಾಗಾಗಿ ಪಕ್ಕದ ಕಾಡೆಲ್ಲ ಮುಚ್ಚಿದರೂ ಅದು ಆ ಆದೇಶದಲ್ಲಿ ಸೇರಲಿಲ್ಲ. ಗಡಿ ಗೆರೆ ಗೊತ್ತಿದ್ದವರಿಗೆ ಹೋಗಲು ಜಾಗ ಇತ್ತು.

ಎರಡನೇ ಮತ್ತು ಮೂರನೇ ಜಾಗವನ್ನೂ ಬೇಸಿಗೆಯಲ್ಲೇ ಒಮ್ಮೆ ಹೋಗಿ ನೋಡಿಬನ್ನಿ. ನೀರು ಎಲ್ಲಿ, ಹೆಜ್ಜೆ ಎಲ್ಲಿ, ಗಾಡಿ ಎಲ್ಲಿಯವರೆಗೆ ಹೋಗುತ್ತದೆ. ನಕ್ಷೆಯಲ್ಲಿ ಸುಮ್ನೆ ಪಿನ್ ಹಾಕಿದ ಜಾಗ ಪ್ಲಾನ್ ಬಿ ಆಗುವುದಿಲ್ಲ.

ಹಂತ 3: ಸುದ್ದಿ ಎಲ್ಲಿ ನೋಡಬೇಕು

ಬೆಂಕಿ ಎಲ್ಲಿದೆ, ಯಾವ ಕಡೆ ಓಡುತ್ತಿದೆ ಎನ್ನುವುದಕ್ಕೆ ವಾಚ್ ಡ್ಯೂಟಿ ಆ್ಯಪ್ ಮತ್ತು ರಾಜ್ಯದ ಅಗ್ನಿಶಾಮಕ ಇಲಾಖೆಯಾದ ಕ್ಯಾಲ್ ಫೈರ್‌ನ ಪುಟ ಸಾಕು. ದೊಡ್ಡ ಬೆಂಕಿಗಳ ವಿವರ ಇನ್ಸಿವೆಬ್ ಎಂಬ ಸರ್ಕಾರಿ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಆದರೆ ಕಾಡು ತೆರೆದಿದೆಯೋ ಇಲ್ಲವೋ ಎನ್ನುವುದಕ್ಕೆ ಇವು ಯಾವುವೂ ಕೊನೆಯ ಮಾತಲ್ಲ. ಆ ಕಾಡಿನ ಸ್ವಂತ ವೆಬ್‌ಸೈಟ್‌ನಲ್ಲಿ ಎಚ್ಚರಿಕೆಗಳ ಪುಟ ಇರುತ್ತದೆ. ಅಲ್ಲಿರುವ ಆದೇಶವೇ ಪ್ರಮಾಣ. ಅಲ್ಲಿಗೂ ಅನುಮಾನ ಇದ್ದರೆ ರೇಂಜರ್ ಆಫೀಸಿಗೆ ಫೋನ್ ಮಾಡಿ. ಒಳ್ಳೆಯ ಜನ, ಬೇಟೆಗೆ ಎಂದು ಹೇಳಿದರೆ ಯಾವ ರಸ್ತೆ ತೆರೆದಿದೆ ಅಂತಲೂ ಹೇಳುತ್ತಾರೆ.

ಬಹಳ ಜನ ಎಡವುವುದು ಒಂದೇ ಕಡೆ. ಬೆಂಕಿ ನೂರಕ್ಕೆ ನೂರು ಹತೋಟಿಗೆ ಬಂದಿದೆ ಅಂತ ಓದಿದ ತಕ್ಷಣ ಕಾಡು ತೆರೆಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಹತೋಟಿ ಎಂದರೆ ಸುತ್ತಲೂ ಗೆರೆ ಹಾಕಿದ್ದಾರೆ, ಬೆಂಕಿ ಅದನ್ನು ದಾಟುವ ನಿರೀಕ್ಷೆ ಇಲ್ಲ ಅಂತ ಮಾತ್ರ. ಒಳಗೆ ಮರ ಉರುಳುತ್ತಲೇ ಇರುತ್ತವೆ, ಮೊದಲ ಮಳೆಗೆ ದರೆ ಜಾರುತ್ತದೆ. ಹಾಗಾಗಿ ಮುಚ್ಚಿದ ಆದೇಶ ಬೆಂಕಿ ಆರಿದ ಮೇಲೂ ತಿಂಗಳುಗಟ್ಟಲೆ, ಕೆಲವು ಸಲ ಮುಂದಿನ ಸೀಸನ್ ತನಕವೂ ಇರುತ್ತದೆ.

ಹವಾಮಾನ ಇಲಾಖೆಯ ರೆಡ್ ಫ್ಲ್ಯಾಗ್ ಎಚ್ಚರಿಕೆ ಬಂದ ದಿನಗಳಲ್ಲಿ, ಅಂದರೆ ಒಣ ಗಾಳಿ ಜೋರಾಗಿ ಬೀಸುವ ದಿನಗಳಲ್ಲಿ, ಕಾಡು ತೆರೆದಿದ್ದರೂ ಒಳಗೆ ಕ್ಯಾಂಪ್ ಹಾಕಬೇಡಿ ಎನ್ನುವುದು ನನ್ನ ಮಾತು.

ಹಂತ 4: ಆದೇಶವನ್ನು ಪೂರ್ತಿ ಓದಿ

ತಲೆಬರಹ ಓದಿ ಮುಗಿಸಬೇಡಿ. ಆದೇಶ ಸಾಮಾನ್ಯವಾಗಿ ಎರಡು ಮೂರು ಪುಟ, ಜೊತೆಗೊಂದು ನಕ್ಷೆ. ಅದನ್ನು ಹೀಗೆ ಓದಿ.

ಮೇಲೆ ಆದೇಶದ ನಂಬರ್ ಇರುತ್ತದೆ. ಅದನ್ನು ಬರೆದುಕೊಳ್ಳಿ. ಒಂದೇ ಬೆಂಕಿಗೆ ಆದೇಶ ಮತ್ತೆ ಮತ್ತೆ ಬದಲಾಗುತ್ತದೆ, ಹಳೆಯದನ್ನು ತೆಗೆದು ಹೊಸದು ಹಾಕುತ್ತಾರೆ. ನಿಮ್ಮ ಫೋನಿನಲ್ಲಿ ಇರುವುದು ಹಿಂದಿನ ವಾರದ್ದಾಗಿರಬಹುದು.

ನಂತರ ಏನೇನು ಮಾಡಬಾರದು ಅಂತ ಪಟ್ಟಿ. ಕಾಡಿನೊಳಗೆ ಇರುವುದು, ರಸ್ತೆಯ ಮೇಲೆ ಇರುವುದು, ಟ್ರೈಲ್ ಮೇಲೆ ಇರುವುದು, ಇವು ಮೂರೂ ಬೇರೆ ಬೇರೆ ಸಾಲು. ಕೆಲವು ಆದೇಶಗಳು ಟ್ರೈಲ್ ಮಾತ್ರ ಮುಚ್ಚುತ್ತವೆ. ಕೆಲವು ರಸ್ತೆ ಮಾತ್ರ ಮುಚ್ಚುತ್ತವೆ. ರಸ್ತೆ ಮಾತ್ರ ಮುಚ್ಚಿದ್ದರೆ ಗೇಟಿನ ಹೊರಗೆ ಗಾಡಿ ಬಿಟ್ಟು ನಡೆದು ಹೋಗಬಹುದೇ ಎನ್ನುವುದು ಆ ಸಾಲಿನ ಮಾತಿನ ಮೇಲೆ ನಿಂತಿದೆ. ರಸ್ತೆಯಲ್ಲಿ ಗಾಡಿ ಓಡಿಸಬಾರದು ಎನ್ನುವುದು ಒಂದು, ರಸ್ತೆಯ ಮೇಲೆ ಇರಲೇಬಾರದು ಎನ್ನುವುದು ಇನ್ನೊಂದು.

ಆಮೇಲೆ ಗಡಿಯ ವಿವರಣೆ. ಇದನ್ನು ಓದಲು ತಾಳ್ಮೆ ಬೇಕು. ಇಂಥ ರಸ್ತೆ ಇಂಥ ಹಳ್ಳವನ್ನು ಕೂಡುವಲ್ಲಿಂದ ಶುರುವಾಗಿ, ದಿಬ್ಬದ ನೆತ್ತಿ ಹಿಡಿದು, ಇಂಥ ಟ್ರೈಲ್‌ವರೆಗೆ ಅಂತ ಸಾಗುತ್ತದೆ. ನೀವು ಬೇಟೆಯಾಡುವ ಇಳಿಜಾರು ಆ ನೆತ್ತಿಯ ಯಾವ ಕಡೆಗಿದೆ? ಗಡಿಯಾಗಿರುವ ರಸ್ತೆಯೇ ಮುಚ್ಚಿದ ಜಾಗದೊಳಗೆ ಸೇರಿದೆಯೇ? ಈ ಎರಡು ಪ್ರಶ್ನೆಗೆ ಉತ್ತರ ಸಿಗುವ ತನಕ ಹೊರಡಬೇಡಿ. ಗಡಿಯನ್ನು ನಿಮ್ಮ ಬೇಟೆ ಆ್ಯಪ್‌ನಲ್ಲಿ ಗೆರೆ ಎಳೆದು ಇಟ್ಟುಕೊಳ್ಳಿ, ನೆಟ್‌ವರ್ಕ್ ಇಲ್ಲದಾಗಲೂ ಕಾಣುವಂತೆ ಇಳಿಸಿಕೊಳ್ಳಿ. ಗಾಯಗೊಂಡ ಜಿಂಕೆ ಗೆರೆ ದಾಟಿ ಓಡಿದರೆ ಅದರ ಹಿಂದೆ ಹೋಗುವ ಹಕ್ಕು ನಿಮಗಿಲ್ಲ. ಹಾಗಾಗಿ ಗಡಿಗೆ ಅಂಟಿಕೊಂಡು ಕೂರದೆ, ತೆರೆದಿರುವ ಕಡೆಗೆ ಸಾಕಷ್ಟು ಸರಿದು ಕೂರಿ.

ಆದೇಶ ಮೀರಿದರೆ 5,000 ಡಾಲರ್ ತನಕ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಇದು ಫೆಡರಲ್ ಅಪರಾಧ. ವೀಸಾದಲ್ಲಿ ಇರುವವರಿಗೆ ಇದು ಇನ್ನೂ ಸೂಕ್ಷ್ಮ. ಎಚ್1ಬಿ ಥರದ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ಅದಕ್ಕೊಂದು ವಿನಾಯಿತಿ ಇದೆ. ಕ್ಯಾಲಿಫೋರ್ನಿಯಾದ ವಾರ್ಷಿಕ ಲೈಸೆನ್ಸ್ ಜುಲೈ 1ರಿಂದ ಜೂನ್ 30ರವರೆಗೆ. ಅದು ಮುಗಿಯುವ ಮುಂಚೆಯೇ ಹೊಸದು ಕೈಯಲ್ಲಿರಲಿ, ಇಮಿಗ್ರೇಷನ್ ವಕೀಲರನ್ನೂ ಒಮ್ಮೆ ಕೇಳಿ.

ಹಂತ 5: ಕಾಡು ತೆರೆದಿದ್ದರೂ ನಿರ್ಬಂಧಗಳಿರುತ್ತವೆ

ಮುಚ್ಚುವುದು ಒಂದು, ನಿರ್ಬಂಧ ಹಾಕುವುದು ಇನ್ನೊಂದು. ಬೇಸಿಗೆಯ ಕೊನೆಗೆ ತೆರೆದಿರುವ ಕಾಡುಗಳಲ್ಲೂ ಹೆಚ್ಚಾಗಿ ಕ್ಯಾಂಪ್ ಬೆಂಕಿ ಹಾಕುವಂತಿಲ್ಲ. ಮುಚ್ಚಿ ತೆರೆಯುವ ವಾಲ್ವ್ ಇರುವ ಗ್ಯಾಸ್ ಸ್ಟವ್‌ಗೆ ಸಾಮಾನ್ಯವಾಗಿ ಅವಕಾಶ ಇರುತ್ತದೆ, ಅದಕ್ಕೂ ಕ್ಯಾಲಿಫೋರ್ನಿಯಾ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಅದು ಉಚಿತ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಗುರಿ ಅಭ್ಯಾಸಕ್ಕೂ ಇಂಥ ಹೊತ್ತಿನಲ್ಲಿ ನಿಷೇಧ ಇರುವುದು ಜಾಸ್ತಿ, ಲೈಸೆನ್ಸ್ ಇದ್ದು ಬೇಟೆಯಾಡುವವರಿಗೆ ವಿನಾಯಿತಿ ಕೊಟ್ಟಿರುತ್ತಾರೆ. ಆದ್ದರಿಂದ ರೈಫಲ್ ಸ್ಕೋಪ್ ಸರಿಮಾಡುವ ಕೆಲಸವನ್ನು ಊರಿನ ರೇಂಜ್‌ನಲ್ಲೇ ಮುಗಿಸಿ ಬನ್ನಿ.

ಗುಂಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. 2019ರ ಜುಲೈ 1ರಿಂದ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಹಾಗಾಗಿ ಹೆಚ್ಚಿನವರು ಗಟ್ಟಿ ತಾಮ್ರದ ಗುಂಡು ಬಳಸುತ್ತಾರೆ. ಫಾರೆಸ್ಟ್ ಸರ್ವೀಸ್ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಗುಂಡುಗಳನ್ನು ಉಕ್ಕಿನ ತಗಡಿಗೆ ಹೊಡೆದು ನೋಡಿದರು. ಉಕ್ಕು ಇರುವ ಗುಂಡುಗಳ ಜೊತೆಗೆ ಗಟ್ಟಿ ತಾಮ್ರದ ಗುಂಡಿನ ಚೂರುಗಳೂ ಕೆಳಗಿದ್ದ ಒಣ ಪದಾರ್ಥಕ್ಕೆ ಬೆಂಕಿ ಹಚ್ಚಿದವು. ಜಿಂಕೆಯ ಹಿಂದೆ ಬಂಡೆ, ಅದರ ಸುತ್ತ ಒಣ ಹುಲ್ಲು ಇದ್ದರೆ ಆ ಹೊಡೆತ ಬಿಡಿ. ಹಿಂದೆ ಮೆತ್ತನೆ ಮಣ್ಣಿನ ದರೆ ಇರುವಾಗ ಹೊಡೆಯಿರಿ.

ಈ ಎಚ್ಚರಿಕೆಗಳನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 2003ರ ಅಕ್ಟೋಬರ್ 25ರಂದು ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ದಾರಿ ತಪ್ಪಿದ ಒಬ್ಬ ಬೇಟೆಗಾರ ಸಹಾಯಕ್ಕಾಗಿ ಸಿಗ್ನಲ್ ಬೆಂಕಿ ಹಚ್ಚಿದ. ಅದೇ ಸೀಡರ್ ಬೆಂಕಿ ಆಯಿತು. 2 ಲಕ್ಷ 73 ಸಾವಿರ ಎಕರೆ ಸುಟ್ಟು, 15 ಜನ ಸತ್ತರು. 2013ರಲ್ಲಿ ಸ್ಟ್ಯಾನಿಸ್ಲಾಸ್ ಕಾಡಿನ ರಿಮ್ ಬೆಂಕಿಯೂ ಒಬ್ಬ ಬೇಟೆಗಾರನ ಅಕ್ರಮ ಕ್ಯಾಂಪ್ ಬೆಂಕಿಯಿಂದ ಶುರುವಾಯಿತು ಎಂದು ತನಿಖೆ ಹೇಳಿತು. ದಾರಿ ತಪ್ಪಿದರೆ ಹಚ್ಚಬೇಕಾದ್ದು ಬೆಂಕಿಯಲ್ಲ. ಸೀಟಿ, ಕನ್ನಡಿ, ಸ್ಯಾಟಲೈಟ್ ಮೆಸೆಂಜರ್ ಜೊತೆಗಿರಲಿ.

ಗಾಡಿಯನ್ನೂ ನೋಡಿ. 2018ರ ಕಾರ್ ಬೆಂಕಿ ರೆಡಿಂಗ್ ಹತ್ತಿರ ಶುರುವಾದದ್ದು ಟ್ರೇಲರಿನ ಪಂಕ್ಚರ್ ಆದ ಚಕ್ರದ ರಿಮ್ಮು ರಸ್ತೆಗೆ ಉಜ್ಜಿ ಹಾರಿದ ಕಿಡಿಯಿಂದ. ಟ್ರೇಲರ್ ಸರಪಳಿ ನೆಲಕ್ಕೆ ತಾಗದಂತೆ ಕಟ್ಟಿ, ಎತ್ತರದ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ, ಸಲಿಕೆ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ಹಂತ 6: ಹೊಗೆ, ಮತ್ತು ವಾಪಸ್ ಬರುವ ದಾರಿ

2020ರ ಸೆಪ್ಟೆಂಬರ್ 5, ಲೇಬರ್ ಡೇ ವಾರಾಂತ್ಯ. ಸಿಯೆರಾ ನ್ಯಾಷನಲ್ ಫಾರೆಸ್ಟ್‌ನ ಮ್ಯಾಮತ್ ಪೂಲ್ ಜಲಾಶಯದ ಬಳಿ ಕ್ಯಾಂಪ್ ಮಾಡಿದ್ದವರಿಗೆ ಹೊರಬರುವ ರಸ್ತೆಯನ್ನು ಕ್ರೀಕ್ ಬೆಂಕಿ ಕಡಿದುಹಾಕಿತು. ಜನ ನೀರಿನ ಅಂಚಿಗೆ ಸರಿದು ನಿಂತರು. ರಾತ್ರಿ ನ್ಯಾಷನಲ್ ಗಾರ್ಡ್‌ನ ಹೆಲಿಕಾಪ್ಟರ್‌ಗಳು ಹೊಗೆ ಸೀಳಿಕೊಂಡು ಬಂದು 200ಕ್ಕೂ ಹೆಚ್ಚು ಜನರನ್ನು ಹೊತ್ತು ತಂದವು. ಬೆಂಕಿ ಹತ್ತಿದ್ದು ಹಿಂದಿನ ಸಂಜೆಯಷ್ಟೆ. ಡಿ7 ವಲಯದ ಬೇಟೆಗಾರರು ಕ್ಯಾಂಪ್ ಹಾಕುವುದೂ ಅದೇ ಕಣಿವೆಗಳಲ್ಲಿ.

ಒಂದೇ ರಸ್ತೆ ಇರುವ ಕಣಿವೆಯ ತುದಿಯಲ್ಲಿ ಕ್ಯಾಂಪ್ ಹಾಕಬೇಡಿ. ಎರಡು ದಿಕ್ಕಿಗೆ ಹೊರಬೀಳುವ ದಾರಿ ಇರಲಿ. ಗಾಡಿಯ ಮೂತಿ ರಸ್ತೆಯ ಕಡೆಗಿರಲಿ, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ಮನೆಯವರಿಗೆ ಮೂರೂ ಜಾಗಗಳ ನಕ್ಷೆ ಕೊಟ್ಟು, ಯಾವುದಕ್ಕೆ ಹೋಗುತ್ತಿದ್ದೀರಿ ಎಂದು ಆ ದಿನ ಬೆಳಿಗ್ಗೆ ಹೇಳಿ ಹೊರಡಿ. ಪ್ಲಾನ್ ಬದಲಾದ ದಿನವೇ ಹುಡುಕುವವರು ತಪ್ಪು ಕಾಡಿಗೆ ಹೋಗುವುದು. ಶೆರಿಫ್ ಕಡೆಯಿಂದ ಸ್ಥಳಾಂತರದ ಎಚ್ಚರಿಕೆ ಬಂದರೆ, ಅದು ಆದೇಶವಾಗುವ ತನಕ ಕಾಯದೆ ಗಂಟುಮೂಟೆ ಕಟ್ಟಿ.

ಹೊಗೆಗೆ ಏರ್‌ನೌ ವೆಬ್‌ಸೈಟಿನ ಗಾಳಿ ಗುಣಮಟ್ಟದ ನಕ್ಷೆ ನೋಡಿ. ಸೂಚ್ಯಂಕ 150 ದಾಟಿದರೆ ಎಲ್ಲರಿಗೂ ಕೆಟ್ಟದ್ದು. ಬೆನ್ನ ಮೇಲೆ ಮಾಂಸ ಹೊತ್ತು ಗುಡ್ಡ ಹತ್ತುವವರು ಸಾಮಾನ್ಯ ಜನಕ್ಕಿಂತ ಎಷ್ಟೋ ಪಟ್ಟು ಗಾಳಿ ಎಳೆದುಕೊಳ್ಳುತ್ತಾರೆ, ಅಲ್ವಾ? 150 ದಾಟಿದ ದಿನ ಮನೆಯಲ್ಲೇ ಇರಿ. ಹೊಗೆಯಲ್ಲಿ ಇನ್ನೊಂದು ಕಷ್ಟವೂ ಇದೆ. ಇಲ್ಲಿ ಸಾಮಾನ್ಯ ಸೀಸನ್‌ನಲ್ಲಿ ಹೊಡೆಯಬಹುದಾದ್ದು ಕೊಂಬು ಕವಲೊಡೆದ ಗಂಡನ್ನು ಮಾತ್ರ. ಮಬ್ಬಿನಲ್ಲಿ ಒಂಟಿ ಕೊಂಬು ಯಾವುದು, ಕವಲು ಯಾವುದು ಎಂದು ಬೈನಾಕ್ಯುಲರ್‌ನಲ್ಲೂ ಖಾತ್ರಿಯಾಗುವುದಿಲ್ಲ. ಹಿಂದಿನ ಕೊಂಬೆಯೇ ಕವಲಿನಂತೆ ಕಾಣುತ್ತದೆ. ಖಾತ್ರಿಯಾಗದಿದ್ದರೆ ಬೆರಳು ಟ್ರಿಗರ್ ಮುಟ್ಟಬಾರದು.

ಹಂತ 7: ಸುಟ್ಟ ಕಾಡು ತೆರೆದ ಮೇಲೆ

ಬೆಂಕಿ ಬಂದರೆ ಜಿಂಕೆಗಳೆಲ್ಲ ದೂರ ಓಡಿಹೋಗುತ್ತವೆ ಎಂದು ಬಹಳ ಜನ ನಂಬಿದ್ದಾರೆ. 2018ರಲ್ಲಿ ಮೆಂಡೊಸಿನೋ ಕಾಂಪ್ಲೆಕ್ಸ್ ಬೆಂಕಿ ಹಾಪ್‌ಲ್ಯಾಂಡ್‌ನ ವಿಶ್ವವಿದ್ಯಾಲಯದ ಸಂಶೋಧನಾ ಜಮೀನಿನ ಮೇಲೆ ಹಾದುಹೋಯಿತು. ಅಲ್ಲಿನ ಕಪ್ಪು ಬಾಲದ ಜಿಂಕೆಗಳ ಕೊರಳಿಗೆ ಮೊದಲೇ ಜಿಪಿಎಸ್ ಪಟ್ಟಿ ಕಟ್ಟಿದ್ದರು. ಹೆಚ್ಚಿನವು ಕೆಲವೇ ಗಂಟೆಗಳಲ್ಲಿ, ಮರಗಳು ಇನ್ನೂ ಹೊಗೆಯಾಡುತ್ತಿರುವಾಗಲೇ, ತಮ್ಮ ತಮ್ಮ ಜಾಗಕ್ಕೆ ವಾಪಸ್ ಬಂದವು. ಮೇವಿಲ್ಲದೆ ಸೊರಗಿದರೂ ಜಾಗ ಬಿಡಲಿಲ್ಲ. ಆ ಮೊದಲ ವರ್ಷ ಅಂಥ ಪ್ರಾಣಿಗಳ ಹಿಂದೆ ಬೀಳದೆ ಇರುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ, ಕಾನೂನು ಬಿಟ್ಟರೂ.

ಎರಡು ಮೂರು ಮಳೆ ಕಳೆದ ಮೇಲೆ ಚಿತ್ರ ಬದಲಾಗುತ್ತದೆ. ಬುಡದಿಂದ ಪೊದೆಗಳು ಚಿಗುರುತ್ತವೆ, ನೆಲಕ್ಕೆ ಬಿಸಿಲು ಬೀಳುತ್ತದೆ. ಬಂಡೀಪುರದಲ್ಲಿ ಬೆಂಕಿಯ ನಂತರದ ಹಸಿರಿಗೆ ಚುಕ್ಕೆ ಜಿಂಕೆಗಳು ಸೇರುವುದನ್ನು ನೋಡಿದವರಿಗೆ ಇದು ಹೊಸದಲ್ಲ. ನಕ್ಷೆಯಲ್ಲಿ ಪೂರ್ತಿ ಕಪ್ಪಾದ ಜಾಗದ ನಡುವೆ ಹುಡುಕಬೇಡಿ. ಅರ್ಧಂಬರ್ಧ ಸುಟ್ಟ ಕಡೆ, ಸುಟ್ಟದ್ದಕ್ಕೂ ಸುಡದ್ದಕ್ಕೂ ನಡುವಿನ ಅಂಚಿನಲ್ಲಿ ಕೂರಿ. ಮೇವು ಒಂದು ಕಡೆ, ಮರೆ ಇನ್ನೊಂದು ಕಡೆ ಇರುವುದು ಅಲ್ಲೇ.

ಹೆಜ್ಜೆ ಇಡುವಾಗ ಎಚ್ಚರ. ಮರದ ಬೊಡ್ಡೆ ಸುಟ್ಟುಹೋದಾಗ ಬೇರುಗಳೂ ಒಳಗೊಳಗೇ ಉರಿದು, ನೆಲದ ಕೆಳಗೆ ಟೊಳ್ಳು ಉಳಿಯುತ್ತದೆ. ಮೇಲೆ ಬೂದಿಯ ತೆಳು ಪದರ, ಅದರ ಮೇಲೆ ನಾಲ್ಕು ಎಲೆ. ನೋಡಲು ಸಮನಾದ ನೆಲ. ಕಾಲಿಟ್ಟರೆ ಮೊಣಕಾಲಿನವರೆಗೆ ಇಳಿಯುತ್ತದೆ. ಹೊಸದಾಗಿ ಸುಟ್ಟ ಕಾಡಾದರೆ ಒಳಗೆ ಕೆಂಡವೂ ಇರಬಹುದು. ಬೊಡ್ಡೆಗಳ ಹತ್ತಿರ ಕೋಲಿನಿಂದ ಕುಟ್ಟಿ ನೋಡಿ ನಡೆಯಿರಿ. ಗಾಳಿ ಎದ್ದರೆ ನಿಂತ ಒಣಮರಗಳ ಕೆಳಗಿನಿಂದ ಹೊರಬನ್ನಿ. ಮಳೆಯ ಮುನ್ಸೂಚನೆ ಇದ್ದರೆ ಸುಟ್ಟ ಇಳಿಜಾರಿನ ಕೆಳಗಿನ ಹಳ್ಳದಲ್ಲಿ ಟೆಂಟ್ ಹಾಕಬೇಡಿ, ಕೆಸರು ಬಂಡೆ ಸಮೇತ ಇಳಿದು ಬರುತ್ತದೆ.

ಹಂತ 8: ಟ್ಯಾಗಿನ ಕೆಲಸ

ನಿಮ್ಮ ಜಾಗ ಸೀಸನ್‌ಗೆ ಮುಂಚೆಯೇ ಮುಚ್ಚಿದರೆ ಸುಮ್ಮನೆ ಕೂರಬೇಡಿ. ಟ್ಯಾಗ್ ಬದಲಾಯಿಸುವುದಾಗಲಿ, ವಾಪಸ್ ಕೊಟ್ಟು ಪಾಯಿಂಟ್ ಉಳಿಸಿಕೊಳ್ಳುವುದಾಗಲಿ, ಆ ಟ್ಯಾಗಿನ ಸೀಸನ್ ತೆರೆಯುವ ಮುಂಚೆ ಸುಲಭ. ತೆರೆದ ಮೇಲೆ ಬಾಗಿಲು ಕಿರಿದಾಗುತ್ತದೆ. ಬಿಲ್ಲಿನ ಸೀಸನ್ ಮೊದಲು ಬರುವ ಟ್ಯಾಗಾದರೆ ಆ ತಾರೀಕನ್ನೇ ಲೆಕ್ಕಕ್ಕೆ ಹಿಡಿಯಿರಿ. ಇಲಾಖೆಯ ಲೈಸೆನ್ಸ್ ಆಫೀಸಿಗೆ ಫೋನ್ ಮಾಡಿ ಆ ವರ್ಷದ ನಿಯಮ ಕೇಳಿ. ಮುಚ್ಚಿದ ಆದೇಶ ಮತ್ತು ನಕ್ಷೆಯ ಪ್ರತಿ ಉಳಿಸಿಕೊಳ್ಳಿ, ಟ್ಯಾಗ್ ಹರಿಯಬೇಡಿ, ಅದರ ಮೇಲೆ ಏನೂ ಬರೆಯಬೇಡಿ.

ಜಿಂಕೆ ಸಿಕ್ಕಿತು ಅಂದುಕೊಳ್ಳಿ. ಟ್ಯಾಗಿಗೆ ಅಧಿಕಾರ ಇರುವ ಒಬ್ಬರಿಂದ ಸಹಿ ಹಾಕಿಸಬೇಕು. ಬಹಳ ಜನ ಹತ್ತಿರದ ಫೈರ್ ಸ್ಟೇಷನ್‌ಗೆ ಹೋಗುತ್ತಾರೆ, ಪೂರ್ಣಾವಧಿ ಅಗ್ನಿಶಾಮಕರು ಸ್ಟೇಷನ್‌ನಲ್ಲೇ ಸಹಿ ಹಾಕಬಹುದು. ಆದರೆ ಬೆಂಕಿಯ ವರ್ಷ ಅವರೆಲ್ಲ ಬೆಂಕಿಯ ಮುಂದೆ ಇರುತ್ತಾರೆ, ಸ್ಟೇಷನ್ ಖಾಲಿ. ದಾರಿಯಲ್ಲಿ ಇರುವ ನೋಟರಿ ಅಥವಾ ಇಲಾಖೆಯ ಆಫೀಸನ್ನು ಮೊದಲೇ ನೋಡಿಟ್ಟುಕೊಳ್ಳಿ.

ಕೊನೆಯದಾಗಿ ವರದಿ. ಜಿಂಕೆ ಸಿಗಲಿ ಬಿಡಲಿ, ಕಾಡು ಮುಚ್ಚಿದ್ದರಿಂದ ಮನೆಯಿಂದ ಹೊರಟೇ ಇರದಿದ್ದರೂ ಟ್ಯಾಗಿನ ವರದಿ ಜನವರಿ 31ರೊಳಗೆ ಆನ್‌ಲೈನ್‌ನಲ್ಲಿ ಕೊಡಲೇಬೇಕು. ಜಿಂಕೆ ಸಿಕ್ಕಿದ್ದರೆ 30 ದಿನದೊಳಗೆ. ಬೇಟೆಗೆ ಹೋಗಲಿಲ್ಲ ಎಂದು ಗುರುತು ಹಾಕಲು ಅಲ್ಲೇ ಅವಕಾಶ ಇದೆ. ಬಿಟ್ಟರೆ ಮುಂದಿನ ವರ್ಷ ಟ್ಯಾಗ್ ಕೊಳ್ಳುವಾಗ ಹೆಚ್ಚುವರಿ ಶುಲ್ಕ ಸೇರಿಕೊಳ್ಳುತ್ತದೆ.